ಫೌಂಡರ್ ನಿದ್ದೆಗೂ ಫಂಡ್‌ನ ಗಡಿಯಾರಕ್ಕೂ ಏನು ಸಂಬಂಧ?

ಕಂಪನಿಗೆ ದುಡ್ಡು ಹಾಕಿದವರು ಅದನ್ನು ನಡೆಸುವವರ ನಿದ್ದೆಯ ಬಗ್ಗೆ ವಿಚಾರಿಸುವುದು ತೀರಾ ಹೊಸ ಪದ್ಧತಿ. ಮುಂಬೈ, ಪುಣೆಯ ಸ್ಟಾರ್ಟಪ್ ವಲಯದಲ್ಲಿ ಈಗ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೊಸ ಕಂಪನಿಗಳಿಗೆ ಪಾಲಿನ ಬದಲಿಗೆ ದುಡ್ಡು ಹಾಕುವ ಕೆಲವು ವೆಂಚರ್ ಕ್ಯಾಪಿಟಲ್ ಫಂಡ್‌ಗಳು ತಾವು ಹಣ ಹೂಡಿದ ಫೌಂಡರ್‌ಗಳಿಗೆ, ಅಂದರೆ ಕಂಪನಿ ಕಟ್ಟಿದವರಿಗೆ, ಕೋಚ್ ಗೊತ್ತು ಮಾಡಿಕೊಡುತ್ತವೆ, ಕೌನ್ಸೆಲಿಂಗ್ ಖರ್ಚು ವಹಿಸಿಕೊಳ್ಳುತ್ತವೆ. ಒಳ್ಳೆಯದೇ. ಆದರೆ ಫೌಂಡರ್ ನಿದ್ದೆ ಕೆಡಿಸುವ ಕಾರಣಗಳಲ್ಲಿ ದೊಡ್ಡದೊಂದು ಪಾಲು ಆ ದುಡ್ಡಿನ ಷರತ್ತುಗಳಲ್ಲೇ ಇದೆ. ಅದನ್ನು ಬಿಟ್ಟು ಬರೀ ಧ್ಯಾನ, ಯೋಗದ ಮಾತಾಡಿದರೆ ಅರ್ಧ ಕಥೆ ಹೇಳಿದಂತೆ.

ಮುಂಬೈ ಕನ್ನಡಿಗರಿಗೆ ಬೇರೆಯವರ ದುಡ್ಡಿನಲ್ಲಿ ವ್ಯಾಪಾರ ಶುರುಮಾಡುವುದು ಹೊಸದಲ್ಲ. ಕರಾವಳಿಯಿಂದ ಹುಡುಗರಾಗಿ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಸ್ವಂತ ಹೋಟೆಲ್ ಇಟ್ಟವರ ದೊಡ್ಡ ಪರಂಪರೆಯೇ ಇಲ್ಲಿದೆ. ಅವರ ಬಂಡವಾಳ ಊರಿನವರ ಕೈಸಾಲ, ಮನೆಯ ಚಿನ್ನ, ಚೀಟಿ ದುಡ್ಡು. ಆಮೇಲೆ ಸಮುದಾಯದ ಸಹಕಾರಿ ಬ್ಯಾಂಕುಗಳು ಬಂದವು. ಮೊಗವೀರ ಬ್ಯಾಂಕ್ 1946ರದ್ದು, ಬಿಲ್ಲವರು ಕಟ್ಟಿದ ಭಾರತ್ ಬ್ಯಾಂಕ್ 1978ರದ್ದು. ಸಾಲ ಕೊಟ್ಟವರಿಗೆ ಬೇಕಿದ್ದದ್ದು ಅಸಲು, ಬಡ್ಡಿ, ಅಷ್ಟೇ. ನಿಮ್ಮ ಹೋಟೆಲ್ ಹತ್ತು ವರ್ಷದಲ್ಲಿ ನೂರು ಹೋಟೆಲ್ ಆಗಲೇಬೇಕು ಅಂತ ಯಾರೂ ಹೇಳುತ್ತಿರಲಿಲ್ಲ.

ಹಾಗಂತ ಅದೇನು ಸುಖದ ಕಾಲವಲ್ಲ. ವ್ಯಾಪಾರ ಮುಳುಗಿದರೆ ಊರಿನಲ್ಲಿ ಮುಖ ತೋರಿಸುವಂತಿರಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೆರಡರವರೆಗೆ ಗಲ್ಲಾದಲ್ಲಿ ಕೂತವರು ಡಾಕ್ಟರ ಹತ್ತಿರ ಹೋಗುತ್ತಿದ್ದದ್ದು ಬಿಪಿಗೋ ಶುಗರ್‌ಗೋ. ಮನಸ್ಸಿನ ವಿಷಯ ಅಲ್ಲಿ ಬರುತ್ತಲೇ ಇರಲಿಲ್ಲ.

ವೆಂಚರ್ ಕ್ಯಾಪಿಟಲ್ ಬೇರೆಯೇ ಜಾತಿಯ ದುಡ್ಡು. ಇದರ ಆಧುನಿಕ ರೂಪ ಶುರುವಾದದ್ದು 1946ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಜಾರ್ಜ್ ಡೊರಿಯೊ ಮತ್ತು ಸಂಗಡಿಗರು ಕಟ್ಟಿದ ಎಆರ್‌ಡಿಸಿ ಎಂಬ ಸಂಸ್ಥೆ 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಗೆ 70,000 ಡಾಲರ್ ಹಾಕಿತು. ಸುಮಾರು ಒಂದು ದಶಕದಲ್ಲಿ ಅದು ನೂರಾರು ಪಟ್ಟು ಬೆಳೆಯಿತು. ಸೋತ ಹತ್ತಾರು ಕಂಪನಿಗಳ ನಷ್ಟವನ್ನು ಗೆದ್ದ ಒಂದೇ ಕಂಪನಿ ತುಂಬಿಕೊಡಬಲ್ಲದು ಎಂಬ ಲೆಕ್ಕಕ್ಕೆ ಅದೇ ದೊಡ್ಡ ಉದಾಹರಣೆಯಾಯಿತು. ಇವತ್ತಿಗೂ ಈ ವ್ಯವಹಾರ ನಿಂತಿರುವುದು ಈ ಲೆಕ್ಕದ ಮೇಲೆಯೇ.

ನಮ್ಮಲ್ಲಿ ಇದು ಬಂದದ್ದು ಸರ್ಕಾರದ ಬಾಗಿಲಿನಿಂದ. 1975ರಲ್ಲಿ ಸರ್ಕಾರಿ ಹಣಕಾಸು ಸಂಸ್ಥೆ ಐಎಫ್‌ಸಿಐ ಒಂದು ರಿಸ್ಕ್ ಕ್ಯಾಪಿಟಲ್ ಫೌಂಡೇಶನ್ ಶುರುಮಾಡಿತು. 1988ರಲ್ಲಿ ಕೇಂದ್ರ ಸರ್ಕಾರ ಮೊದಲ ಮಾರ್ಗಸೂಚಿ ಹೊರಡಿಸಿತು. ಅದೇ ಹೊತ್ತಿಗೆ ಮುಂಬೈಯ ಐಸಿಐಸಿಐ ಮತ್ತು ಯುಟಿಐ ಸೇರಿ ಟಿಡಿಐಸಿಐ ಎಂಬ ವೆಂಚರ್ ಕ್ಯಾಪಿಟಲ್ ಕಂಪನಿಯನ್ನು ಬೆಂಗಳೂರಿನಲ್ಲಿ ಇಟ್ಟವು. ದುಡ್ಡು ಮುಂಬೈಯದ್ದು, ತಂತ್ರಜ್ಞಾನ ಬೆಂಗಳೂರಿನದ್ದು ಎಂಬ ಹಂಚಿಕೆ ಆಗಲೇ ಕಾಣುತ್ತದೆ. 1996ರಲ್ಲಿ ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿ ನಿಯಮ ತಂದಿತು, 2012ರಲ್ಲಿ ಅವನ್ನು ಎಐಎಫ್ (ಪರ್ಯಾಯ ಹೂಡಿಕೆ ನಿಧಿ) ನಿಯಮಗಳಾಗಿ ಬದಲಿಸಿತು. ನಡುವೆ ಐಐಟಿ ಬಾಂಬೆಯಲ್ಲಿ ಹೊಸ ಕಂಪನಿಗಳನ್ನು ಪೋಷಿಸುವ ಸೈನ್ (2004), ಆರಂಭದಲ್ಲೇ ಹಣ ಹೂಡುವವರ ಕೂಟ ಮುಂಬೈ ಏಂಜೆಲ್ಸ್ (2006), ಪುಣೆಯ ಎನ್‌ಸಿಎಲ್ ಪ್ರಯೋಗಾಲಯದ ಆವರಣದಲ್ಲಿ ಸೈನ್‌ನಂಥದ್ದೇ ವೆಂಚರ್ ಸೆಂಟರ್ (2007) ಬಂದವು. 2016ರಲ್ಲಿ ಸ್ಟಾರ್ಟಪ್ ಇಂಡಿಯಾ ಜೊತೆಗೆ 10,000 ಕೋಟಿ ರೂಪಾಯಿಯ ಸರ್ಕಾರಿ ನಿಧಿಯೂ ಘೋಷಣೆಯಾಯಿತು.

ಈಗ ಒತ್ತಡ ಎಲ್ಲಿ ಹುಟ್ಟುತ್ತದೆ ನೋಡೋಣ. ಫಂಡ್ ನಡೆಸುವವರ ದುಡ್ಡೂ ಅವರ ಸ್ವಂತದ್ದಲ್ಲ. ಶ್ರೀಮಂತ ಕುಟುಂಬಗಳು, ಸಂಸ್ಥೆಗಳು, ವಿದೇಶಿ ನಿಧಿಗಳು ಕೊಟ್ಟದ್ದು. ಫಂಡ್‌ಗೆ ಸಾಮಾನ್ಯವಾಗಿ ಹತ್ತು ವರ್ಷ ಆಯುಸ್ಸು. ಸೆಬಿ ನಿಯಮದಂತೆ ಇನ್ನೆರಡು ವರ್ಷ ಎಳೆಯಬೇಕಾದರೆ ದುಡ್ಡು ಹಾಕಿದವರಲ್ಲಿ ಮೌಲ್ಯದ ಲೆಕ್ಕದಲ್ಲಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಅಂದರೆ ಕಂಪನಿ ನಿಧಾನವಾಗಿ, ಗಟ್ಟಿಯಾಗಿ ಬೆಳೆಯುತ್ತೇನೆ ಎಂದರೂ ಫಂಡ್‌ಗೆ ಕಾಯುವಷ್ಟು ಕಾಲವಿಲ್ಲ. ವರ್ಷಕ್ಕೆ ಶೇ 15ರಷ್ಟು ಬೆಳೆದು ಲಾಭ ಮಾಡುವ ಕಂಪನಿ ಹೋಟೆಲ್ ಮಾಲೀಕರಿಗೆ ಚಿನ್ನ. ಫಂಡ್‌ನ ಕಣ್ಣಿಗೆ ಅದು ಸೋತಂತೆಯೇ.

ಒಂದು ಲೆಕ್ಕ ಹಾಕೋಣ. ಇನ್ವೆಸ್ಟರ್ 20 ಕೋಟಿ ಹಾಕಿ ಶೇ 25 ಪಾಲು ಪಡೆದಿದ್ದಾರೆ. ಪೇಪರಿನಲ್ಲಿ ಕಂಪನಿಯ ಬೆಲೆ 80 ಕೋಟಿ. ನಾಲ್ಕು ವರ್ಷದ ನಂತರ ಕಂಪನಿ 24 ಕೋಟಿಗೆ ಮಾರಾಟವಾಯಿತು. ಲಿಕ್ವಿಡೇಶನ್ ಪ್ರಿಫರೆನ್ಸ್ ಷರತ್ತಿನಂತೆ ಇನ್ವೆಸ್ಟರ್ ತಮ್ಮ 20 ಕೋಟಿಯನ್ನು ಮೊದಲು ಎತ್ತಿಕೊಳ್ಳುತ್ತಾರೆ. ಉಳಿದ 4 ಕೋಟಿ ಫೌಂಡರ್‌ಗಳಿಗೆ, ಶೇರು ಪಡೆದ ನೌಕರರಿಗೆ ಹಂಚಿಕೆ. ಕಾಗದದಲ್ಲಿ ಮುಕ್ಕಾಲು ಪಾಲಿನ ಒಡೆಯರು, ಕೈಗೆ ಬಂದದ್ದು ಆರನೇ ಒಂದು ಭಾಗ. ಇದರಲ್ಲಿ ಮೋಸ ಏನೂ ಇಲ್ಲ, ಎಲ್ಲ ಸಹಿ ಮಾಡಿ ಒಪ್ಪಿದ್ದೇ. ಆದರೆ ಸಹಿ ಹಾಕುವಾಗ ಇಪ್ಪತ್ತೇಳು ವರ್ಷದವರಿಗೆ 80 ಕೋಟಿ ಮಾತ್ರ ಕಣ್ಣಿಗೆ ಕಂಡಿರುತ್ತದೆ.

ಮನೆಯವರಿಗೂ ಅಷ್ಟೇ. ಪೇಪರಿನಲ್ಲಿ 50 ಕೋಟಿ ಫಂಡಿಂಗ್ ಅಂತ ಬಂದರೆ ಡೊಂಬಿವಲಿಯ ನೆಂಟರು ಹುಡುಗನ ಹತ್ತಿರ 50 ಕೋಟಿ ಇದೆ ಅಂತಲೇ ತಿಳಿಯುತ್ತಾರೆ. ಸಂಘದ ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಫೋಟೊ. ಹುಡುಗನ ಸಂಬಳ ಹಳೆಯ ಕೆಲಸದ ಅರ್ಧ ಅಂತ ಯಾರಿಗೆ ಗೊತ್ತು? ಎರಡು ವರ್ಷದ ಮೇಲೆ ಅದೇ ಹುಡುಗ ಗಣೇಶೋತ್ಸವಕ್ಕೂ ಬಾರದೆ ತಪ್ಪಿಸಿಕೊಳ್ಳುತ್ತಾನೆ. ಕಾರಣ ಕೇಳಿದರೆ ಸುಮ್ನೆ ಮೀಟಿಂಗ್ ಇತ್ತು ಅನ್ನುತ್ತಾನೆ. ಹಿಂದೆ ಊರಿಗೆ ಮುಖ ತೋರಿಸಲು ಹಿಂಜರಿದ ಹೋಟೆಲಿನವರದೂ ಇದೇ ಕಷ್ಟ ಅಲ್ವಾ?

2015ರಲ್ಲಿ ಪೊವಾಯಿಯ ಹೌಸಿಂಗ್ ಡಾಟ್ ಕಾಮ್ ಎಂಬ ಮನೆ ಹುಡುಕುವ ವೆಬ್‌ಸೈಟಿನಲ್ಲಿ ಫೌಂಡರ್-ಸಿಇಒ ರಾಹುಲ್ ಯಾದವ್ ಮತ್ತು ಬೋರ್ಡ್ ನಡುವಿನ ಜಗಳ ತಿಂಗಳುಗಟ್ಟಲೆ ಬೀದಿಯಲ್ಲಿ ನಡೆಯಿತು. ರಾಜೀನಾಮೆ ಪತ್ರ ಬಹಿರಂಗವಾಯಿತು, ವಾಪಸಾಯಿತು, ಕೊನೆಗೆ ಜುಲೈ 1ರಂದು ಬೋರ್ಡ್ ಅವರನ್ನು ತೆಗೆಯಿತು. ಯಾರು ಸರಿ ಎಂಬುದನ್ನು ಬಿಡಿ. ನಮಗೆ ಅದು ಆಗ ತಮಾಷೆಯ ಸರಕಾಗಿತ್ತು. ಅಷ್ಟು ದೊಡ್ಡ ಹಣವನ್ನು ಅಷ್ಟು ಚಿಕ್ಕ ವಯಸ್ಸಿನವರ ಕೈಗೆ ಕೊಟ್ಟಾಗ ಜೊತೆಗೆ ಯಾವ ಆಸರೆ ಕೊಡಬೇಕು ಎಂಬ ಪ್ರಶ್ನೆ ಹೆಚ್ಚಾಗಿ ಏಳಲಿಲ್ಲ.

ಹೊರಗೆ ಆ ಮಾತು ಶುರುವಾಗಿತ್ತು. ಅಮೆರಿಕದ ಇನ್ವೆಸ್ಟರ್ ಬ್ರಾಡ್ ಫೆಲ್ಡ್ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಬರೆಯುತ್ತಿದ್ದರು. 2015ರಲ್ಲಿ ಕ್ಯಾಲಿಫೋರ್ನಿಯಾದ ಮನೋವೈದ್ಯ ಮೈಕೆಲ್ ಫ್ರೀಮನ್ ತಂಡದ ಅಧ್ಯಯನ ಬಂತು. ಅದರಲ್ಲಿ ಶೇ 49ರಷ್ಟು ಉದ್ಯಮಿಗಳು ಜೀವನದಲ್ಲಿ ಒಮ್ಮೆಯಾದರೂ ಮಾನಸಿಕ ಸಮಸ್ಯೆ ಎದುರಿಸಿದ್ದಾಗಿ ಹೇಳಿದರು. ಹೋಲಿಕೆಗೆ ಆರಿಸಿದ ಇತರರಲ್ಲಿ ಅದು ಶೇ 32. ಮಾತಾಡಿಸಿದ್ದು ಕೆಲವು ನೂರು ಜನರನ್ನು ಮಾತ್ರ, ಅವರೇ ಹೇಳಿಕೊಂಡ ಉತ್ತರ. ಆದರೂ ಮಾತಿಗೆ ಒಂದು ಅಂಕಿ ಸಿಕ್ಕಿತು. 2018ರಲ್ಲಿ ಫೆಲಿಸಿಸ್ ಎಂಬ ಫಂಡ್ ತಾನು ಹಾಕುವ ಹಣದ ಮೇಲೆ ಇನ್ನೂ ಶೇ 1ನ್ನು ಫೌಂಡರ್‌ಗಳ ಕೋಚಿಂಗ್, ಮಾನಸಿಕ ಆರೋಗ್ಯಕ್ಕೆಂದು ಕೊಡುವುದಾಗಿ ಘೋಷಿಸಿತು, ಅದಕ್ಕೆ ಶೇರು ಕೇಳದೆ.

ನಮ್ಮಲ್ಲಿ ಈ ಮಾತು ಮನೆಮನೆಗೆ ತಲುಪಿದ್ದು 2019ರ ಜುಲೈಯಲ್ಲಿ, ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ತೀರಿಕೊಂಡಾಗ. ಅವರದ್ದು ಸ್ಟಾರ್ಟಪ್ ಅಲ್ಲ, ಹಳೆಯ ದೊಡ್ಡ ಉದ್ಯಮ. ಆದರೆ ಅವರದ್ದೆನ್ನಲಾದ ಪತ್ರದಲ್ಲಿ ಪ್ರೈವೇಟ್ ಇಕ್ವಿಟಿ (ಬೆಳೆದ ಕಂಪನಿಗಳಲ್ಲಿ ಪಾಲು ಕೊಳ್ಳುವ ಫಂಡ್) ಪಾಲುದಾರರೊಬ್ಬರ ಒತ್ತಡದ ಪ್ರಸ್ತಾಪ ಇತ್ತು. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ತಪ್ಪು, ನಾನು ಆ ದಾರಿಗೆ ಹೋಗುವುದಿಲ್ಲ. ಮಾಟುಂಗಾದ ಕಾಫಿ ಟೇಬಲ್ಲಿನ ಮೇಲೆ ಸಾಲ, ಶೇರು, ಒಂಟಿತನ ಇವೆಲ್ಲ ಒಟ್ಟಿಗೆ ಚರ್ಚೆಗೆ ಬಂದದ್ದು ಆಗಲೇ ಎಂಬುದು ಮಾತ್ರ ನಿಜ.

ಮುಂದೆ ಸಂತೆ, ಆಮೇಲೆ ಬರ. ಬೇನ್ ಎಂಬ ಸಲಹಾ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಭಾರತಕ್ಕೆ ಬಂದ ವೆಂಚರ್ ಹಣ ಸುಮಾರು 3,850 ಕೋಟಿ ಡಾಲರ್. 2023ರಲ್ಲಿ ಸುಮಾರು 960 ಕೋಟಿ. ಎರಡೇ ವರ್ಷದಲ್ಲಿ ನಾಲ್ಕನೇ ಒಂದು ಭಾಗ. ಜಾಸ್ತಿ ಜನರನ್ನು ಸೇರಿಸಿ, ಬೇಗ ಬೆಳೆಯಿರಿ ಅಂದಿದ್ದ ಬೋರ್ಡ್‌ಗಳೇ ಖರ್ಚು ಇಳಿಸಿ ಅಂದವು. ತಾವೇ ಕರೆತಂದವರನ್ನು ಮನೆಗೆ ಕಳಿಸುವ ಕೆಲಸ ಫೌಂಡರ್‌ಗಳ ಪಾಲಿಗೆ ಬಂತು. ಫೌಂಡರ್‌ಗಳ ಆರೋಗ್ಯದ ಕಾರ್ಯಕ್ರಮಗಳಿಗೆ ಕಾವು ಏರಿದ್ದೂ ಈ ಹೊತ್ತಿನಲ್ಲೇ.

ಇಲ್ಲೊಂದು ವಿಚಿತ್ರ ಇದೆ. ಫೌಂಡರ್ ಹೆಸರಿನಲ್ಲಿ ಕೀಮ್ಯಾನ್ ಇನ್ಶೂರೆನ್ಸ್ ಮಾಡಿಸಬೇಕೆಂಬ ಷರತ್ತು ಹೂಡಿಕೆ ಒಪ್ಪಂದಗಳಲ್ಲಿ ಹಳೆಯದು. ಫೌಂಡರ್ ಸತ್ತರೆ ಪಾಲಿಸಿ ಹಣ ಕಂಪನಿಗೆ. ಬದುಕಿರುವಾಗ ಹೇಗಿದ್ದೀರಿ ಅಂತ ಕೇಳುವುದಕ್ಕಿಂತ ಬಹಳ ಮೊದಲೇ ಸತ್ತರೆ ಏನು ಎಂಬ ಪ್ರಶ್ನೆಗೆ ಕಾಗದ ತಯಾರಿತ್ತು!

ಇನ್ವೆಸ್ಟರ್ ಕೊಡಿಸಿದ ಕೌನ್ಸೆಲರ್ ಎದುರು ಫೌಂಡರ್ ಎಷ್ಟು ಬಾಯಿ ಬಿಟ್ಟಾರು? ಕೌನ್ಸೆಲರ್ ಗುಟ್ಟು ಕಾಯುತ್ತಾರೆ, ಅದು ಅವರ ವೃತ್ತಿಧರ್ಮ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಚಿಕಿತ್ಸೆಯ ಗೌಪ್ಯತೆಯನ್ನು ಹಕ್ಕಾಗಿ ಕೊಡುತ್ತದೆ. ಆದರೆ ಬಿಲ್ಲಿನಲ್ಲಿ ಹೆಸರಿದ್ದರೆ ಯಾರು ಹೋಗುತ್ತಿದ್ದಾರೆ ಎಂಬುದಾದರೂ ತಿಳಿಯುತ್ತದೆ. ಮುಂದಿನ ರೌಂಡ್‌ಗೆ, ಅಂದರೆ ಹೂಡಿಕೆಯ ಮುಂದಿನ ಸುತ್ತಿಗೆ, ದುಡ್ಡು ಹಾಕಬೇಕಾ ಬೇಡವಾ ಅಂತ ತೀರ್ಮಾನಿಸುವವರೂ ಬಿಲ್ಲು ಕಟ್ಟುವ ಅದೇ ಇನ್ವೆಸ್ಟರ್. ಆದ್ದರಿಂದ ಹಣ ಫಂಡ್‌ನದ್ದಾದರೂ ಆಯ್ಕೆ ಫೌಂಡರ್‌ದಾಗಿರಬೇಕು, ಹೆಸರು ಬಿಲ್ಲಿನಲ್ಲಿ ಇರಬಾರದು. ಬೇರೆ ಫೌಂಡರ್‌ಗಳ ಜೊತೆ, ಇನ್ವೆಸ್ಟರ್ ಇಲ್ಲದ ಕೋಣೆಯಲ್ಲಿ ಮಾತಾಡುವುದೂ ಒಂದು ದಾರಿ. ತುರ್ತಾಗಿ ಯಾರಾದರೂ ಬೇಕೆಂದರೆ 2022ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು.

ಕೋಚ್‌ಗಿಂತ ಮುಖ್ಯವಾದದ್ದು ಒಪ್ಪಂದದಲ್ಲಿದೆ. ಫೌಂಡರ್ ಶೇರುಗಳು ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಕೈಗೆ ಬರುತ್ತವೆ, ಇದೇ ವೆಸ್ಟಿಂಗ್. ನಡುವೆ ಬಿಟ್ಟರೆ ಗುಡ್ ಲೀವರ್, ಬ್ಯಾಡ್ ಲೀವರ್ ಎಂಬ ಎರಡು ಪಟ್ಟಿ: ಮೊದಲನೆಯದರವರಿಗೆ ಶೇರು ಉಳಿಯುತ್ತದೆ, ಎರಡನೆಯದರವರು ಕಳೆದುಕೊಳ್ಳಬಹುದು. ಸಾವು, ಶಾಶ್ವತ ಅಂಗವೈಕಲ್ಯ ಮೊದಲ ಪಟ್ಟಿಯಲ್ಲಿ ಸಿಗುತ್ತವೆ. ತಾನಾಗಿ ರಾಜೀನಾಮೆ ಕೊಟ್ಟವರು ಎಷ್ಟೋ ಒಪ್ಪಂದಗಳಲ್ಲಿ ಎರಡನೆಯದಕ್ಕೆ ಬೀಳುತ್ತಾರೆ. ದಣಿದು, ಡಾಕ್ಟರ್ ಹೇಳಿದ ಮೇಲೆ ಆರು ತಿಂಗಳು ಬಿಡುವು ಬೇಕು ಅನ್ನುವವರು ಯಾವ ಪಟ್ಟಿ? ಆ ಅವಧಿಯಲ್ಲಿ ವೆಸ್ಟಿಂಗ್ ನಿಲ್ಲುತ್ತದಾ, ಮುಂದುವರಿಯುತ್ತದಾ? ಹಂಗಾಮಿ ಸಿಇಒ ಯಾರು, ವಾಪಸ್ ಬಂದರೆ ಅದೇ ಕುರ್ಚಿ ಸಿಗುತ್ತದಾ? ಟರ್ಮ್ ಶೀಟ್ (ಒಪ್ಪಂದಕ್ಕೆ ಮೊದಲಿನ ಷರತ್ತುಗಳ ಪಟ್ಟಿ) ಮೇಜಿನ ಮೇಲಿರುವಾಗ ಇಷ್ಟನ್ನು ವಕೀಲರಿಂದ ಬರೆಸಿಕೊಳ್ಳಬೇಕು. ಸಹಿ ಬಿದ್ದ ಮೇಲೆ ಈ ಸಾಲುಗಳನ್ನು ಸೇರಿಸಲು ಇನ್ವೆಸ್ಟರ್‌ಗಳ ಒಪ್ಪಿಗೆ ಬೇಕಾಗುತ್ತದೆ. ಅದನ್ನು ಕೇಳುವ ಹೊತ್ತಿಗೆ ಫೌಂಡರ್ ಆಗಲೇ ದಣಿದಿರುತ್ತಾರೆ.