ಸುಟ್ಟ ಪ್ಲೇಟ್ ಬದಲಿಸಿದರೆ ಸಾಲದು

ಆಟೋಮ್ಯಾಟಿಕ್ ಟಿಪ್ಪರ್ ತಂದು ನಿಲ್ಲಿಸುವ ಮಾಲೀಕರು ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಪ್ಲೇಟ್ ಹೋಗಿವೆ, ಹಾಕ್ಬಿಡಿ. ನಾಡಿದ್ದು ಲೋಡ್ ಇದೆ." ಪ್ಲೇಟ್ ಹೋಗಿರುವುದು ನಿಜವೇ. ಆದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ ಪ್ಲೇಟ್ ತಾನಾಗಿ ಸುಡುವುದು ಕಡಿಮೆ. ಬೇರೇನೋ ಅದನ್ನು ಸುಟ್ಟಿರುತ್ತದೆ. ಅದನ್ನು ಹುಡುಕದೆ ಹೊಸ ಪ್ಲೇಟ್ ಹಾಕಿದರೆ ಗಾಡಿ ಮತ್ತೆ ಬಂದು ನಿಲ್ಲುತ್ತದೆ. ಆಗ ಬೈಸಿಕೊಳ್ಳುವವರು ಮೆಕ್ಯಾನಿಕ್‌ಗಳಾದ ನಾವೇ ಅಲ್ವಾ?

ಆಲಿಸನ್ 3000 ಸರಣಿಯನ್ನೇ ತೆಗೆದುಕೊಳ್ಳೋಣ. ಟಿಪ್ಪರ್, ಬಸ್ಸು, ಅಗ್ನಿಶಾಮಕ ಗಾಡಿ, ಎಲ್ಲದರಲ್ಲೂ ಕಾಣಸಿಗುವ ಗೇರ್‌ಬಾಕ್ಸ್ ಅದು. ಒಳಗೆ ಮೂರು ಪ್ಲಾನೆಟರಿ ಗೇರ್ ಸೆಟ್ (ನಡುವಿನ ಗೇರಿನ ಸುತ್ತ ಚಿಕ್ಕ ಗೇರ್‌ಗಳು ತಿರುಗುವ ಜೋಡಣೆ), ಐದು ಕ್ಲಚ್. ಒಂದೊಂದು ಕ್ಲಚ್ ಅಂದರೆ ಫೈಬರ್ ಪ್ಲೇಟ್, ಸ್ಟೀಲ್ ಪ್ಲೇಟ್ ಒಂದಾದ ಮೇಲೊಂದು ಇಟ್ಟ ಕಟ್ಟು. ಎಣ್ಣೆಯ ಒತ್ತಡಕ್ಕೆ ಪಿಸ್ಟನ್ ಅದನ್ನು ಒತ್ತಿ ಹಿಡಿಯುತ್ತದೆ. ಸಿ1, ಸಿ2 ಸುತ್ತುವ ಕ್ಲಚ್‌ಗಳು. ಸಿ3, ಸಿ4, ಸಿ5 ಹೊರಕವಚಕ್ಕೆ ಕಚ್ಚಿಕೊಂಡು ನಿಲ್ಲುವಂಥವು. ಯಾವ ಗೇರ್ ಬೀಳಬೇಕಾದರೂ ಎರಡು ಕ್ಲಚ್ ಸೇರಿ ಹಿಡಿಯಬೇಕು. 1ಕ್ಕೆ ಸಿ1-ಸಿ5, 2ಕ್ಕೆ ಸಿ1-ಸಿ4, 3ಕ್ಕೆ ಸಿ1-ಸಿ3, 4ಕ್ಕೆ ಸಿ1-ಸಿ2, 5ಕ್ಕೆ ಸಿ2-ಸಿ3, 6ಕ್ಕೆ ಸಿ2-ಸಿ4. ರಿವರ್ಸಿಗೆ ಸಿ3-ಸಿ5.

ಇಷ್ಟು ಬಾಯಿಪಾಠ ಇದ್ದರೆ ಅರ್ಧ ರೋಗ ಡ್ರೈವರ್ ಬಾಯಲ್ಲೇ ಗೊತ್ತಾಗುತ್ತದೆ. 3, 5 ಮತ್ತು ರಿವರ್ಸ್ ಜಾರುತ್ತಿದೆ, ಉಳಿದದ್ದು ಸರಿ ಇದೆ ಅಂದರೆ ಅನುಮಾನ ಸಿ3 ಮೇಲೆ. ಮೊದಲ ನಾಲ್ಕರಲ್ಲೂ ಎಳೆತ ಇಲ್ಲ, ರಿವರ್ಸ್ ಮಾತ್ರ ಗಟ್ಟಿ ಅಂದರೆ ಸಿ1. ಅದಕ್ಕೇ ನಾನು ಮಾಲೀಕರಿಗಿಂತ ಮೊದಲು ಡ್ರೈವರನ್ನು ಮಾತಾಡಿಸುತ್ತೇನೆ. ಯಾವ ಗೇರಿನಲ್ಲಿ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಏರಿನಲ್ಲೋ ಸಮತಟ್ಟಿನಲ್ಲೋ ಅಂತ ಒಂದೊಂದಾಗಿ ಕೇಳಬೇಕು.

ಆಮೇಲೆ ಎಣ್ಣೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟ್ ಕಥೆ ಮುಗಿದಿದೆ. ಹಾಲು ಬೆರೆತಂತೆ ಕಂಡರೆ ಎಣ್ಣೆ ತಣಿಸುವ ಕೂಲರ್ ಒಡೆದು ಕೂಲೆಂಟ್ ನೀರು ಒಳಗೆ ಸೇರಿದೆ. ಹೀಗಾದಾಗ ಪ್ಲೇಟ್ ನೋಡಲು ಚೆನ್ನಾಗಿದ್ದರೂ ಉಳಿಸಿಕೊಳ್ಳುವಂತಿಲ್ಲ. ಫೈಬರನ್ನು ಉಕ್ಕಿಗೆ ಅಂಟಿಸಿರುವ ಅಂಟನ್ನೇ ನೀರು ಬಿಡಿಸುತ್ತದೆ. ಐದೂ ಕ್ಲಚ್‌ಗಳ ಫೈಬರ್ ಪ್ಲೇಟ್ ಬದಲಾಗಲೇಬೇಕು. ಇದನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಗೇರ್‌ಬಾಕ್ಸ್ ಇಳಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸರಿಯಾದ ಜಾಕ್ ಇರಲಿ, ಸರಪಳಿ ಕಟ್ಟಿರಲಿ. ಇದು ಇನ್ನೂರು ಕಿಲೋ ದಾಟುವ ಸಾಮಾನು. ಹಿಂದಕ್ಕೆ ಎಳೆಯುವಾಗ ಕನ್ವರ್ಟರ್ (ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಮುಂದಕ್ಕೆ ಜಾರಿ ಕಾಲ ಮೇಲೆ ಬೀಳದಂತೆ ಒಂದು ಪಟ್ಟಿ ಹಾಕಿ ಬಿಗಿಯಿರಿ.

ಒಳಗಿನ ಸಾಮಾನು ತೆಗೆಯುವಾಗ ಪ್ರತಿ ಕ್ಲಚ್ಚಿನ ಪ್ಲೇಟ್‌ಗಳನ್ನು ಇದ್ದ ಸಾಲಿನಲ್ಲೇ ತಂತಿಗೆ ಪೋಣಿಸಿ ಹೆಸರು ಕಟ್ಟುತ್ತೇವೆ. ಸ್ಟೀಲ್ ಪ್ಲೇಟ್ ಮೇಲಿನ ನೀಲಿ ಕಲೆ ಎಲ್ಲೆಲ್ಲಿ ಬಿದ್ದಿದೆ ಅನ್ನುವುದು ಮುಖ್ಯ. ಸುತ್ತಲೂ ಒಂದೇ ಸಮ ಇದ್ದರೆ ಒತ್ತಡ ಸಾಲದೆ ಜಾರಿದೆ. ಈಗ ಕಳ್ಳನನ್ನು ಹುಡುಕಬೇಕು. ಪಿಸ್ಟನ್ನಿನ ಸೀಲ್ ಗಟ್ಟಿಯಾಗಿ ಬಿರಿದಿದೆಯೇ? ಸುತ್ತುವ ಡ್ರಮ್ಮಿಗೆ ಎಣ್ಣೆ ದಾಟಿಸುವ ಜಾಗದಲ್ಲಿರುವ ಸೀಲ್ ರಿಂಗ್‌ಗಳು ಸವೆದಿವೆಯೇ? ರಿಂಗ್ ಮಾತ್ರ ನೋಡಿದರೆ ಆಗದು. ಅದು ಕೂರುವ ಬೋರಿನ ಒಳಗೆ ಉಗುರು ಆಡಿಸಿ. ಉಗುರು ಎಡವಿದರೆ ಅಲ್ಲಿ ಗೀರು ಬಿದ್ದಿದೆ. ಹೊಸ ರಿಂಗೂ ಅಲ್ಲಿ ಎಣ್ಣೆ ಸೋರಿಸುತ್ತದೆ, ಆ ಭಾಗವೇ ಬದಲಾಗಬೇಕು.

ಅಲ್ಲೂ ಸಿಗದಿದ್ದರೆ ಯಾವ ಕ್ಲಚ್ಚಿಗೆ ಯಾವಾಗ ಎಣ್ಣೆ ಹೋಗಬೇಕು ಅಂತ ತಿರುಗಿಸುವ ವಾಲ್ವ್ ಬಾಡಿ. ಅದಕ್ಕೆ ಬೇರೆ ಮೇಜು, ಬೇರೆ ಟ್ರೇ. ಕಾಟನ್ ವೇಸ್ಟ್ ಅದರ ಹತ್ತಿರ ಸುಳಿಯಬಾರದು. ಒಂದು ನೂಲು ಸಾಕು, ವಾಲ್ವ್ ಸಿಕ್ಕಿಹಾಕಿಕೊಳ್ಳಲು. ತೊಳೆದ ವಾಲ್ವಿಗೆ ತೆಳುವಾಗಿ ಎಣ್ಣೆ ಸವರಿ ಬೋರಿನೊಳಗೆ ಬಿಟ್ಟರೆ ತನ್ನ ತೂಕಕ್ಕೇ ಜಾರಿ ಇಳಿಯಬೇಕು. ಬೆರಳಲ್ಲಿ ನೂಕಬೇಕಾಗಿ ಬಂದರೆ ಕಾರಣ ಸಿಕ್ಕಿತು ಅನ್ನಿ.

ಜೋಡಿಸುವಾಗ ಅವಸರ ಬೇಡ. ಹೊಸ ಫೈಬರ್ ಪ್ಲೇಟ್‌ಗಳನ್ನು ಮೊದಲು ಗೇರ್ ಎಣ್ಣೆಯಲ್ಲಿ ನೆನೆಹಾಕಿ. ನಮ್ಮಲ್ಲಿ ಅರ್ಧ ಗಂಟೆ ಬಿಡುತ್ತೇವೆ, ಅಷ್ಟರಲ್ಲಿ ಊಟ ಆಗುತ್ತದೆ. ಸೀಲ್ ನಿಲ್ಲಿಸಲು ಪೆಟ್ರೋಲಿಯಂ ಜೆಲ್ಲಿ ಸಾಕು. ಚಾಸಿ ಗ್ರೀಸ್ ಎಣ್ಣೆಯಲ್ಲಿ ಕರಗದೆ ಫಿಲ್ಟರಿಗೂ ವಾಲ್ವಿಗೂ ಹೋಗಿ ಕೂರುತ್ತದೆ. ಪ್ಲೇಟ್‌ಗಳ ನಡುವೆ ಕೂರುವ ಹಬ್ ಇಳಿಸುವಾಗ ಪ್ಲೇಟ್‌ಗಳ ಹಲ್ಲು ಒಂದೊಂದಾಗಿ ಕಚ್ಚಬೇಕು. ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಿದರೆ ಪ್ರತಿ ಪ್ಲೇಟ್ ಕಚ್ಚಿದಾಗಲೂ ಹಬ್ ಒಂದಿಷ್ಟು ಕೆಳಗೆ ಕೂರುವುದು ಕೈಗೆ ಗೊತ್ತಾಗುತ್ತದೆ. ಎಷ್ಟು ಸಲ ಕೂತಿತು ಅಂತ ಎಣಿಸಿ. ಆರು ಪ್ಲೇಟ್ ಇದ್ದು ಐದೇ ಸಲ ಕೂತಿದ್ದರೆ ಸುತ್ತಿಗೆ ಎತ್ತಬೇಡಿ, ಹಬ್ ಮೇಲೆತ್ತಿ.

ಆಮೇಲೆ ಕ್ಲಚ್ಚಿನ ಸಂದನ್ನು ಅಳೆದು ಪುಸ್ತಕದ ಲೆಕ್ಕಕ್ಕೆ ಹೋಲಿಸಬೇಕು. ವಾಲ್ವ್ ಬಾಡಿ ಹಾಕುವ ಮುಂಚೆ ಪ್ರತಿ ಕ್ಲಚ್ಚಿನ ಎಣ್ಣೆ ದಾರಿಗೆ ಕಂಪ್ರೆಸರ್ ಗಾಳಿಯನ್ನು ಒತ್ತಡ ತಗ್ಗಿಸಿ ಹಾಯಿಸಿ. "ಟಪ್" ಅಂತ ಪಿಸ್ಟನ್ ಬಡಿದ ಸದ್ದು ಬರಬೇಕು. ಬುಸ್ ಅನ್ನುವುದು ನಿಲ್ಲದೆ ಹೋದರೆ ಸೀಲ್ ಮಡಚಿದೆ. ಮತ್ತೆ ಬಿಚ್ಚಲೇಬೇಕು. ಇಲ್ಲಿ ಬಿಚ್ಚಿದರೆ ಹೋಗುವುದು ಅರ್ಧ ದಿನ. ಗಾಡಿಗೆ ಏರಿಸಿದ ಮೇಲಾದರೆ ಎಲ್ಲವೂ ಮೊದಲಿನಿಂದ.

ಕನ್ವರ್ಟರ್ ಪಂಪಿನೊಳಗೆ ಪೂರ್ತಿ ಕೂತಿರಬೇಕು. ಕೂತಿದೆಯೋ ಇಲ್ಲವೋ ಅಳೆದೇ ನೋಡಿ. ಗೇರ್‌ಬಾಕ್ಸ್ ಇಂಜಿನ್ನಿಗೆ ಅಂಟದೆ ಸಂದು ಉಳಿದರೆ ಬೋಲ್ಟ್ ಬಿಗಿದು ಎಳೆಯುವವರಿದ್ದಾರೆ. ಹಾಗೆ ಎಳೆದರೆ ಪಂಪ್ ಅಲ್ಲೇ ಒಡೆಯುತ್ತದೆ.

ಮಾಲೀಕರು ಬಿಲ್ಲಿನಲ್ಲಿ ಹೊಡೆದುಹಾಕಲು ನೋಡುವ ಸಾಲು ಕೂಲರಿನದು. "ಕೂಲರ್ ಚೆನ್ನಾಗಿದೆ ಬಿಡಿ" ಅಂತಾರೆ. ಹಳೆಯ ಫೈಬರ್ ಪುಡಿ, ಲೋಹದ ಚೂರು ಎಲ್ಲ ಅಲ್ಲೇ ಕೂತಿರುತ್ತದೆ. ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ಹೊಸ ಗೇರ್‌ಬಾಕ್ಸಿಗೆ ವಾಪಸ್ ಬರುತ್ತದೆ. ಕೂಲರನ್ನೂ ಪೈಪುಗಳನ್ನೂ ತೊಳೆಸದೆ ನಾನು ಗ್ಯಾರಂಟಿ ಬರೆಯುವುದಿಲ್ಲ.

ಎಣ್ಣೆ ಆಲಿಸನ್ ಕಂಪನಿಯೇ ಗೊತ್ತುಮಾಡಿದ ಟಿಇಎಸ್ 295 ಅಥವಾ ಈಗಿನ ಟಿಇಎಸ್ 668 ದರ್ಜೆಯದು ಇದ್ದರೆ ಒಳ್ಳೆಯದು. ಡಬ್ಬಿ ಮೇಲೆ ಸುಮ್ನೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಅಂತ ಬರೆದಿದ್ದರೆ ಸಾಲದು. ಮಟ್ಟ ನೋಡುವುದು ಇಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ, ನ್ಯೂಟ್ರಲ್‌ನಲ್ಲಿ, ಎಣ್ಣೆ 71ರಿಂದ 93 ಡಿಗ್ರಿ ಸೆಲ್ಸಿಯಸ್ ನಡುವೆ ಬಿಸಿಯಾದ ಮೇಲೆ. ಲ್ಯಾಪ್‌ಟಾಪ್ ಹಚ್ಚಿ, ಗೇರ್ ಬದಲಿಸುವ ಕಂಪ್ಯೂಟರ್ ಅಂದರೆ ಕಂಟ್ರೋಲರಿನ ಹಳೆಯ ಕಲಿಕೆ ಅಳಿಸುವುದನ್ನೂ ಮರೆಯಬೇಡಿ. ಅಳಿಸದಿದ್ದರೆ ಸವೆದ ಕ್ಲಚ್ಚಿಗೆ ಹೊಂದಿಸಿಕೊಂಡಿದ್ದ ಒತ್ತಡವನ್ನೇ ಅದು ಹೊಸದಕ್ಕೂ ಕೊಡುತ್ತಿರುತ್ತದೆ. ಅಳಿಸಿದ ಮೇಲೂ ಮೊದಮೊದಲು ಗೇರ್ ಸ್ವಲ್ಪ ಒರಟಾಗಿ ಬೀಳಬಹುದು. ಖಾಲಿ ಗಾಡಿಯಲ್ಲಿ, ಹಗುರ ಆಕ್ಸಿಲರೇಟರಿನಲ್ಲಿ ಎಲ್ಲ ಗೇರೂ ಹತ್ತಿಸಿ ಇಳಿಸಿ ಓಡಿಸಿದರೆ ಸರಿಹೋಗುತ್ತದೆ. ಲೋಡ್ ಅದಾದ ಮೇಲೆ.