ಬೆಣ್ಣೆಯಿಂದ ಶುರು ಮಾಡಿ: ಐರ್ಲೆಂಡ್ ಹಳ್ಳಿಗಳ ದನಕರು ನಂಬಿಕೆಗಳು

ಐರ್ಲೆಂಡಿನ ಹಳ್ಳಿ ನಂಬಿಕೆಗಳನ್ನು ಓದಲು ಕೂತಾಗ ಮೊದಲು ನನಗೆ ತಲೆಬುಡ ಗೊತ್ತಾಗಲಿಲ್ಲ. ಮೊಲ, ಹೂವು, ಬೆಂಕಿ, ಕುದುರೆ ಲಾಳ, ಎಲ್ಲ ಕಲಸಿಕೊಂಡಿದ್ದವು. ದಾರಿ ಸಿಕ್ಕಿದ್ದು ಬೆಣ್ಣೆಯಿಂದ. ಅಲ್ಲಿನ ಎಷ್ಟೋ ಸಣ್ಣ ರೈತರು ಬೆಣ್ಣೆ ಮಾರಿದ ದುಡ್ಡಿನಲ್ಲೇ ಗೇಣಿ ಕಟ್ಟುತ್ತಿದ್ದರು. ಕಾರ್ಕ್ ಪಟ್ಟಣದ ಬೆಣ್ಣೆ ಮಾರುಕಟ್ಟೆ 18ನೇ ಶತಮಾನದಲ್ಲೇ ಹೆಸರುವಾಸಿ. ಬೆಣ್ಣೆ ಬರಲಿಲ್ಲ ಅಂದರೆ ಗೇಣಿ ಇಲ್ಲ, ಗೇಣಿ ಇಲ್ಲ ಅಂದರೆ ಮನೆ ಜಮೀನು ಎರಡೂ ಹೋಗಬಹುದು. ಭಯ ಇರುವುದು ಇಲ್ಲೇ ಅಲ್ವಾ?

ಈಗ ಮೇ 1 ನೋಡಿ. ಐರಿಷ್ ಭಾಷೆಯಲ್ಲಿ ಬ್ಯಾಲ್ಟಿನೆ, ಬೇಸಿಗೆಯ ಮೊದಲ ದಿನ. ದನಗಳು ಹೊಸ ಹುಲ್ಲು ಮೇದು ಹಾಲು ಜಾಸ್ತಿಯಾಗುವ ಕಾಲ. ಅವತ್ತು ಯಾರಾದರೂ ಹಾಲಿನ ಅದೃಷ್ಟ ಕದ್ದರೆ ವರ್ಷವಿಡೀ ಕಡೆದರೂ ಬೆಣ್ಣೆ ಬರದು ಎಂದು ನಂಬಿದ್ದರು. ಅದಕ್ಕೇ ಆ ದಿನ ಹಾಲನ್ನಾಗಲಿ ಬೆಂಕಿಯನ್ನಾಗಲಿ ಮನೆಯಿಂದ ಆಚೆ ಕೊಡುತ್ತಿರಲಿಲ್ಲ. ಕೊಟ್ಟಿಗೆ ಬಾಗಿಲಿಗೆ ಹಳದಿ ಹೂವು ಇಡುತ್ತಿದ್ದರು. ಹಸುವಿನ ಬಾಲಕ್ಕೆ ಕೆಂಪು ಪಟ್ಟಿ ಕಟ್ಟುತ್ತಿದ್ದರು. ಎರಡು ಬೆಂಕಿಗಳ ನಡುವೆ ದನ ಹಾಯಿಸುವ ಪದ್ಧತಿಯಂತೂ ಇನ್ನೂ ಹಳೆಯದು. ಸುಮಾರು ಕ್ರಿ.ಶ. 900ರ ಐರಿಷ್ ಪದಕೋಶವೊಂದರಲ್ಲೇ ಅದರ ಮಾತು ಬರುತ್ತದೆ.

ಮೊಲದ ಕಥೆಯನ್ನು ಮಾತ್ರ ಬಿಡಬೇಡಿ. ನಸುಕಿನಲ್ಲಿ ಒಂದು ಮೊಲ ಹಸುವಿನ ಕೆಚ್ಚಲಿಗೆ ಬಾಯಿ ಹಾಕಿರುತ್ತದೆ. ನಾಯಿ ಅಟ್ಟಿಸಿಕೊಂಡು ಹೋಗಿ ಕಾಲು ಕಚ್ಚುತ್ತದೆ. ಮೊಲ ಒಂದು ಗುಡಿಸಲಿಗೆ ನುಗ್ಗುತ್ತದೆ. ಹಿಂದೆಯೇ ಹೋದವರಿಗೆ ಒಳಗೆ ಕಾಣುವುದು ಕಾಲಲ್ಲಿ ರಕ್ತ ಸುರಿಯುತ್ತಿರುವ ಮುದುಕಿ. 12ನೇ ಶತಮಾನದಲ್ಲಿ ಐರ್ಲೆಂಡಿಗೆ ಬಂದಿದ್ದ ಪಾದ್ರಿ, ಲೇಖಕ ಜೆರಾಲ್ಡ್ ಆಫ್ ವೇಲ್ಸ್ ಕೂಡ ಮೊಲವಾಗಿ ಹಾಲು ಕುಡಿಯುವ ಹೆಂಗಸರ ಬಗ್ಗೆ ಬರೆದಿದ್ದಾನೆ. ಈ ಕಥೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೆಣ್ಣೆ ಕೆಟ್ಟಾಗ ಬೊಟ್ಟು ಮಾಡುತ್ತಿದ್ದುದು ಹೆಚ್ಚಾಗಿ ಒಂಟಿ ಮುದುಕಿಯ ಕಡೆಗೇ. ಕೆನೆ ತೀರಾ ತಣ್ಣಗಿದ್ದರೂ ಬೆಚ್ಚಗಿದ್ದರೂ ಬೆಣ್ಣೆ ಸರಿಯಾಗಿ ಕಟ್ಟುವುದಿಲ್ಲ. ಪಾತ್ರೆ ಕೊಳಕಾಗಿದ್ದರೆ ಕೆನೆಯೇ ಕೆಡುತ್ತದೆ. ಆದರೆ ತಪ್ಪು ಬೀಳುತ್ತಿದ್ದುದು ಅವಳ ತಲೆಗೆ.

ನೆರೆಯವರ ಮೇಲಿನ ಈ ಅನುಮಾನಕ್ಕೆ ಒಂದು ಮೆತ್ತನೆಯ ಉಪಾಯವೂ ಇತ್ತು. ಬೆಣ್ಣೆ ಕಡೆಯುವಾಗ ಯಾರೇ ಒಳಗೆ ಬಂದರೂ 'ದೇವರು ಒಳ್ಳೇದು ಮಾಡಲಿ' ಎಂದು ಹೇಳಿ ತಾವೂ ನಾಲ್ಕು ಸಲ ಕಡೆದು ಹೋಗಬೇಕು. ಸುಮ್ನೆ ನೋಡಿಕೊಂಡು ಹೋದರೆ ಬೆಣ್ಣೆಯೂ ಅವರ ಜೊತೆ ಹೋಗುತ್ತದೆ ಎಂದು ನಂಬಿದ್ದರು. ಹಸುವನ್ನು ಹೊಗಳಿದರೂ ಅಷ್ಟೇ, ದೇವರ ಹೆಸರು ಹೇಳದಿದ್ದರೆ ದೃಷ್ಟಿ ತಾಗುತ್ತದೆ.

ಇಂಥ ಸಂಗತಿಗಳನ್ನು 1937ರಿಂದ 1939ರವರೆಗೆ ಶಾಲಾ ಮಕ್ಕಳೇ ಊರಿನ ಹಿರಿಯರನ್ನು ಕೇಳಿ ಬರೆದುಕೊಂಡರು. 26 ಕೌಂಟಿಗಳ (ನಮ್ಮ ಜಿಲ್ಲೆಗಳಂತೆ) ಸುಮಾರು 5,000 ಶಾಲೆಗಳು ಇದರಲ್ಲಿ ಸೇರಿದ್ದವು. ಮಕ್ಕಳ ಮಾತಿನಲ್ಲೇ ಇರುವುದರಿಂದ ಓದಲು ಸುಲಭ, ಮೊದಲು ಅದನ್ನೇ ಓದಿ.

ಬೆಣ್ಣೆಗೆ ಸಂಬಂಧವಿಲ್ಲದ ಒಂದು ನಂಬಿಕೆ ನನಗೆ ತುಂಬಾ ಇಷ್ಟ. ಕ್ರಿಸ್‌ಮಸ್ ಹಿಂದಿನ ರಾತ್ರಿ ಹನ್ನೆರಡಕ್ಕೆ ಕೊಟ್ಟಿಗೆಯ ದನ, ಕತ್ತೆಗಳು ಮಂಡಿಯೂರಿ ಮಾತಾಡುತ್ತವಂತೆ. ಕದ್ದು ಕೇಳಿದವರಿಗೆ ಕೇಡು. ಹಾಗಾಗಿ ಆ ಹೊತ್ತಿಗೆ ಕೊಟ್ಟಿಗೆಯ ಕಡೆ ಯಾರೂ ಹೋಗುತ್ತಿರಲಿಲ್ಲ.