ಬಿಲ್ ಪಾಸಾಯ್ತು, ಸರಿ, ಜಾರಿ ಯಾವತ್ತಿಂದ?

ಮಂಡ್ಯ ಕೋರ್ಟಿನ ಹತ್ತಿರದ ನನ್ನ ಆಫೀಸಿಗೆ ಮೊದಲೆಲ್ಲ ಜನ ಪೇಪರ್ ಕಟಿಂಗ್ ಹಿಡಿದು ಬರುತ್ತಿದ್ದರು. ಈಗ ಮೊಬೈಲ್ ಚಾಚುತ್ತಾರೆ. ಮಾತು ಮಾತ್ರ ಅದೇ. "ಮೇಡಮ್ನೋರೇ, ದಿಲ್ಲೀಲಿ ಬಿಲ್ ಪಾಸಾಯ್ತಂತೆ. ಇನ್ನು ನಮ್ ಕೇಸು ಗೆದ್ದಂಗೇ ಅಲ್ವಾ?" ಅವರ ಮುಖದಲ್ಲಿರುವ ಆಸೆ ನೋಡಿದರೆ ಇಲ್ಲ ಅನ್ನಲು ಮನಸ್ಸೇ ಬರುವುದಿಲ್ಲ. ಆದರೂ ಅನ್ನಬೇಕು. ಈ ಒಂದು ತಪ್ಪು ತಿಳಿವಳಿಕೆಯಿಂದ ಜನ ದುಡ್ಡು, ಜಮೀನು, ನಿದ್ದೆ ಎಲ್ಲ ಕಳೆದುಕೊಳ್ಳುವುದನ್ನು ನೋಡಿ ನೋಡಿ ನನಗೆ ನಿಜವಾಗಿ ಬೇಜಾರಾಗಿದೆ.

2024ರ ಜನವರಿಯಲ್ಲಿ ಲಾರಿ ಓಡಿಸುವವರೊಬ್ಬರು ಬಂದರು. ಸ್ವಂತ ಲಾರಿ, ಕಬ್ಬು ಸಾಗಿಸುವ ಕೆಲಸ. ಅಪಘಾತ ಮಾಡಿ ಪೊಲೀಸರಿಗೆ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಅಂತ ಹೊಸ ಕಾನೂನು ಬಂದಿದೆ ಎಂದು ಯಾರೋ ಹೇಳಿದ್ದರು. ಹೆದರಿ ಲಾರಿ ಮಾರಲು ಅಡ್ವಾನ್ಸ್ ಕೂಡ ತೆಗೆದುಕೊಂಡಿದ್ದರು. ನಾನು ಆ ಹೊಸ ಕಾನೂನಿನ, ಅಂದರೆ ಭಾರತೀಯ ನ್ಯಾಯ ಸಂಹಿತೆಯ, ಪ್ರತಿ ತೆಗೆದು ಮೊದಲ ಪುಟ ತೋರಿಸಿದೆ. ರಾಷ್ಟ್ರಪತಿಗಳ ಅಂಕಿತ 2023ರ ಡಿಸೆಂಬರ್ 25ಕ್ಕೇ ಬಿದ್ದಿತ್ತು. ಆದರೆ ಒಂದನೇ ಸೆಕ್ಷನ್ನಿನ ಎರಡನೇ ಉಪಸೆಕ್ಷನ್ ಏನು ಹೇಳುತ್ತಿತ್ತು? ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಹೇಳಿದ ದಿನದಿಂದ ಜಾರಿ, ಬೇರೆ ಬೇರೆ ಸೆಕ್ಷನ್ನುಗಳಿಗೆ ಬೇರೆ ಬೇರೆ ದಿನ ಗೊತ್ತುಮಾಡಬಹುದು. ಅವರು ನನ್ನೆದುರು ಕೂತಿದ್ದ ದಿನ ಆ ಸಂಹಿತೆಯ ಒಂದು ಸಾಲೂ ಜಾರಿಯಲ್ಲಿರಲಿಲ್ಲ. ಆಮೇಲೆ 2024ರ ಜುಲೈ 1ರಿಂದ ಜಾರಿಗೆ ತಂದಾಗಲೂ, ಅವರನ್ನು ಹೆದರಿಸಿದ್ದ 106ನೇ ಸೆಕ್ಷನ್ನಿನ ಎರಡನೇ ಉಪಸೆಕ್ಷನ್ನನ್ನು ಮಾತ್ರ ಹೊರಗಿಟ್ಟರು. ಅವರು ಅಡ್ವಾನ್ಸ್ ವಾಪಸ್ ಕೊಟ್ಟು ಲಾರಿ ಉಳಿಸಿಕೊಂಡರು.

ಮಸೂದೆ ಹೇಗೆ ಕಾಯ್ದೆಯಾಗುತ್ತದೆ ಅನ್ನುವುದನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೀರಿ. ಸಂಸತ್ತಿನಲ್ಲಿ ಲೋಕಸಭೆ, ರಾಜ್ಯಸಭೆ ಅಂತ ಎರಡು ಸದನ. ಮಸೂದೆಯನ್ನು ಯಾವ ಸದನದಲ್ಲಾದರೂ ಮೊದಲು ಮಂಡಿಸಬಹುದು. ಹಣಕಾಸು ಮಸೂದೆ ಮಾತ್ರ ಲೋಕಸಭೆಯಲ್ಲೇ ಶುರುವಾಗಬೇಕು, ರಾಜ್ಯಸಭೆ ಅದನ್ನು 14 ದಿನದೊಳಗೆ ವಾಪಸ್ ಕಳಿಸಬೇಕು. ಉಳಿದ ಮಸೂದೆಗಳನ್ನು ಎರಡೂ ಸದನ ಒಂದೇ ರೂಪದಲ್ಲಿ ಒಪ್ಪಬೇಕು. ಜಗಳ ಬಿದ್ದರೆ ಜಂಟಿ ಅಧಿವೇಶನ ಕರೆಯಬಹುದು. 1961ರಲ್ಲಿ ವರದಕ್ಷಿಣೆ ನಿಷೇಧದ ಮಸೂದೆಗೆ ಹಾಗೆ ಕರೆದಿದ್ದರು. ಟಿವಿಯವರು 'ಐತಿಹಾಸಿಕ ಮಸೂದೆ ಪಾಸ್' ಅಂತ ಕೂಗುವುದು ಸಾಮಾನ್ಯವಾಗಿ ಲೋಕಸಭೆಯಲ್ಲಿ ಮತ ಬಿದ್ದ ಸಂಜೆ. ಅಲ್ಲಿಗೆ ದಾರಿ ಅರ್ಧ ಸವೆದಿರುತ್ತದೆ, ಅಷ್ಟೇ.

ನಾನು ಮತ್ತೆ ಮತ್ತೆ ಹೇಳುವುದು ಆ ಇನ್ನರ್ಧ ದಾರಿಯ ವಿಷಯ. ನಮ್ಮ ಸಂವಿಧಾನದ 79ನೇ ವಿಧಿಯ ಪ್ರಕಾರ ಸಂಸತ್ತು ಅಂದರೆ ಎರಡು ಸದನ ಮಾತ್ರ ಅಲ್ಲ, ರಾಷ್ಟ್ರಪತಿಗಳೂ ಸೇರಿ. ಅಂಕಿತ ಬೀಳದೆ ಕಾಯ್ದೆ ಇಲ್ಲ. ಅಂಚೆ ಕಚೇರಿ ತಿದ್ದುಪಡಿ ಮಸೂದೆ 1986ರಲ್ಲಿ ಎರಡೂ ಸದನ ದಾಟಿ ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಅವರ ಮುಂದೆ ಹೋಯಿತು. ಅವರು ಸಹಿ ಹಾಕಲಿಲ್ಲ. ಅದು ಕಾನೂನಾಗಲೇ ಇಲ್ಲ.

ಅಂಕಿತ ಬಿತ್ತು, ಗೆಜೆಟ್ಟಿನಲ್ಲಿ ಅಚ್ಚಾಯಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಮೊದಲ ಸೆಕ್ಷನ್ ನೋಡಿ. ಜಾರಿಯ ದಿನದ ಮಾತೇ ಅಲ್ಲಿ ಇಲ್ಲದಿದ್ದರೆ, ಅಂಕಿತ ಬಿದ್ದ ದಿನದಿಂದಲೇ ಜಾರಿ. 'ಸರ್ಕಾರ ಗೊತ್ತುಮಾಡುವ ದಿನದಿಂದ' ಅಂತಿದ್ದರೆ ಕಾಯಬೇಕು. ಎಷ್ಟು ದಿನ ಅಂತ ಯಾರೂ ಹೇಳಲಾರರು. ಸಕ್ಕರೆ ಕಾರ್ಖಾನೆಯ ಕಾರ್ಮಿಕರೊಬ್ಬರು ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ವರ್ಷ ವರ್ಷ ಕೇಳುತ್ತಿದ್ದರು. ವೇತನದ ಸಂಹಿತೆ 2019ರದ್ದು, ಉಳಿದ ಮೂರು 2020ರವು. ನಾಲ್ಕೂ ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ದಿಲ್ಲಿಯ ಬಾಡಿಗೆ ಕಾಯ್ದೆಯ ಕಥೆ ಇನ್ನೂ ಬೇಜಾರಿನದು. 1995ರಲ್ಲಿ ಅಂಕಿತ ಬಿದ್ದರೂ ಅದನ್ನು ಜಾರಿಗೆ ತರಲೇ ಇಲ್ಲ.

ಇದು ಬರೀ ತಾರೀಖಿನ ತಕರಾರು ಅಂತ ಯಾರಾದರೂ ಅಂದರೆ ನಾನು ಮದ್ದೂರು ಕಡೆಯ ಇಬ್ಬರು ಅಕ್ಕತಂಗಿಯರ ಕಥೆ ಹೇಳುತ್ತೇನೆ. ನಾನಾಗ ಜೂನಿಯರ್. ಅಪ್ಪ ಬದುಕಿದ್ದರು, ಪಿತ್ರಾರ್ಜಿತ ಗದ್ದೆಯನ್ನೆಲ್ಲ ಗಂಡುಮಕ್ಕಳಿಗೆ ಬರೆಯಲು ಹೊರಟಿದ್ದರು. ಹೆಣ್ಣುಮಕ್ಕಳು ಭಾಗದ ಕೇಸು ಹಾಕಬೇಕೆಂದು ಬಂದರು. ಅಕ್ಕನ ಕೈಯಲ್ಲಿ ಒಂದು ಹಾಳೆ ಇತ್ತು. ಅದರಲ್ಲಿ 'ಹಿಂದೂ ಉತ್ತರಾಧಿಕಾರ (ಕರ್ನಾಟಕ ತಿದ್ದುಪಡಿ) ಕಾಯ್ದೆ, 1990' ಅಂತ ಬರೆದಿತ್ತು. ಮದುವೆಯಾಗದ ಹೆಣ್ಣುಮಗಳಿಗೂ ಗಂಡುಮಗನಷ್ಟೇ ಹಕ್ಕು ಕೊಟ್ಟ ನಮ್ಮ ರಾಜ್ಯದ ಕಾಯ್ದೆ ಅದು. "ಕಾನೂನು 90ರದ್ದು. ನನ್ ಮದ್ವೆ ಆಗಿದ್ದು 94ರ ಮೇ ತಿಂಗಳಲ್ಲಿ. ನಂಗೂ ಬತ್ತದಲ್ವಾ?" ಅಂದರು.

ಬರುತ್ತಿರಲಿಲ್ಲ. ಹೆಸರಿನಲ್ಲಿ 1990 ಇದ್ದರೂ ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕಿತ್ತು. ಅದು ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದಕ್ಕೂ ಮುಂಚೆ ಮದುವೆಯಾದವರಿಗೆ ಹಕ್ಕಿಲ್ಲ ಅಂತ ಕಾಯ್ದೆಯಲ್ಲೇ ಬರೆದಿತ್ತು. ಹೆಚ್ಚೆಂದರೆ ಮೂರು ತಿಂಗಳ ಅಂತರ. ಮುಂದಿನ ವರ್ಷ ಮದುವೆಯಾದ ತಂಗಿಗೆ ಗದ್ದೆಯಲ್ಲಿ ಪಾಲು, ಅಕ್ಕನಿಗೆ ಏನೂ ಇಲ್ಲ. ನಮ್ಮ ಸೀನಿಯರ್ ಇದನ್ನು ಹೇಳಿದಾಗ ಆಕೆ ಅಳಲಿಲ್ಲ. ತಂಗಿಯ ಹೆಗಲ ಮೇಲೆ ಕೈಯಿಟ್ಟು "ನಿಂದಾದ್ರೂ ಹಾಕು" ಅಂದರು. ಆ ಕೈ ಇವತ್ತಿಗೂ ನನ್ನ ಕಣ್ಣಲ್ಲಿದೆ.

ಕೇಸು ನಡೆಯುತ್ತಿರುವಾಗಲೇ ಸಂಸತ್ತು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಮಾಡಿತು. ಮದುವೆ ಯಾವಾಗ ಆಯಿತು ಅನ್ನುವ ಷರತ್ತು ಹೋಯಿತು. ಅಂಕಿತ ಸೆಪ್ಟೆಂಬರ್ 5ಕ್ಕೆ, ಜಾರಿ ಸೆಪ್ಟೆಂಬರ್ 9ಕ್ಕೆ. ಅಪ್ಪ ಇನ್ನೂ ಇದ್ದರು, ಭಾಗ ಇನ್ನೂ ಆಗಿರಲಿಲ್ಲ. ಹಾಗಾಗಿ ಅಕ್ಕನಿಗೂ ಪಾಲು ಸಿಕ್ಕಿತು.

ಅದೇ ಕಾಯ್ದೆಯಲ್ಲಿ ಇನ್ನೊಂದು ತಾರೀಖಿದೆ, 2004ರ ಡಿಸೆಂಬರ್ 20. ಅದಕ್ಕೂ ಮುಂಚೆ ಆದ ಭಾಗವನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಯಾಕೆ ಅದೇ ದಿನ? ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದ ದಿನ ಅದು. ಮಸೂದೆ ಬಂತೆಂದು ಗೊತ್ತಾದ ಮೇಲೆ ಅವಸರದಲ್ಲಿ ಮಾಡಿಕೊಂಡ ಭಾಗಪತ್ರಗಳಿಗೆ ಈ ತಾರೀಖು ರಕ್ಷಣೆ ಕೊಡುವುದಿಲ್ಲ. ಇಲ್ಲಿ ಮಂಡನೆಯ ದಿನಕ್ಕೆ ಬೆಲೆ ಬಂದದ್ದು ಕಾಯ್ದೆಯೇ ಹಾಗೆ ಬರೆದುಕೊಂಡಿದ್ದರಿಂದ, ಪೇಪರಿನಲ್ಲಿ ಸುದ್ದಿ ಬಂತೆಂದಲ್ಲ. ಆಮೇಲೆ ಎಷ್ಟು ಮನೆಗಳಿಂದ '2003ರಲ್ಲೇ ಭಾಗ ಆಗೋಗಿದೆ' ಅನ್ನುವ ಬಿಳಿ ಹಾಳೆಗಳು ಬಂದವೋ! ರಿಜಿಸ್ಟರ್ ಆದ ಪತ್ರ ಅಥವಾ ಕೋರ್ಟಿನ ಡಿಕ್ರಿ ಇರಬೇಕು ಅನ್ನುತ್ತದೆ ಕಾಯ್ದೆ. ಬಾಯಿಮಾತಿನ ಭಾಗವನ್ನು ಸರ್ಕಾರಿ ದಾಖಲೆಗಳ ಗಟ್ಟಿ ಬೆಂಬಲ ಇದ್ದರೆ ಮಾತ್ರ, ಅದೂ ಅಪರೂಪಕ್ಕೆ, ಒಪ್ಪಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ನಿಮ್ಮ ಮನೆಯ ವಿಷಯ ಬೇರೆಯೇ ಇರಬಹುದು. ಇದನ್ನು ಓದಿ ಸುಮ್ನೆ ಒಂದು ನಿರ್ಧಾರಕ್ಕೆ ಬರಬೇಡಿ. ಪಹಣಿ, ಹಳೇ ಪತ್ರ, ಮದುವೆಯ ಕರೆಯೋಲೆ ಎಲ್ಲ ತೆಗೆದುಕೊಂಡು ನಿಮ್ಮ ವಕೀಲರ ಹತ್ತಿರ ಹೋಗಿ. ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಕೇಳಿದರೆ, ಹೋಗುವ ತನಕ ಹಾಕಬೇಡಿ.

ಆ ಅಕ್ಕ ಈಗ ಗ್ರಾಮ ಪಂಚಾಯಿತಿ ಸದಸ್ಯೆ. 2023ರ ಸೆಪ್ಟೆಂಬರ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಮಹಿಳಾ ಮೀಸಲಾತಿ ಮಸೂದೆಯನ್ನು ಒಪ್ಪಿದವು. ಮರುದಿನ ಬೆಳಿಗ್ಗೆಯೇ ಅವರ ಫೋನ್ ಬಂತು. ಎಲ್ಲರ ಹಾಗೆ 'ಪಾಸಾಯ್ತಂತೆ' ಅನ್ನಲಿಲ್ಲ. "ಮೇಡಮ್ನೋರೇ, ಇದು ಯಾವ ತಾರೀಖಿಂದ?" ಅಂತ ಕೇಳಿದರು. ಇನ್ನೂ ಅಂಕಿತ ಬೀಳಬೇಕು, ಆಮೇಲೂ ಒಂದು ಜನಗಣತಿ ಆಗಿ, ಅದರ ಲೆಕ್ಕದ ಮೇಲೆ ಕ್ಷೇತ್ರಗಳ ಮರುವಿಂಗಡಣೆ ಆದ ನಂತರವೇ ಮೀಸಲಾತಿ ಅಂತ ಮಸೂದೆಯಲ್ಲೇ ಬರೆದಿದೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಸರಿ ಬುಡಿ. ಗೆಜೆಟ್ ಬಂದ್ಮೇಲೆ ನಂಗೊಂದು ಕಾಪಿ ತೆಗೆದಿಡಿ" ಅಂದರು.